ಏಕಾರ್ನ್ ಅಳಿಲಿಗೆ ಮಾತ್ರ ಅಲ್ಲ, ಮನುಷ್ಯರಿಗೂ ಊಟ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಈಚೆಗೆ ಏಕಾರ್ನ್ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಅದು ಓಕ್ ಮರದ ಕಾಯಿ, ಅಳಿಲಿಗೆ ಬಲು ಇಷ್ಟ, ತುಂಬಾ ಕಹಿ ಆದ್ದರಿಂದ ಮನುಷ್ಯರು ತಿನ್ನುವುದಿಲ್ಲ ಅಂತ ಬರೆದಿದ್ದರು. ಜೊತೆಗೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಫೋಟೊ ಹಾಕಿದ್ದರು. ಮೊದಲ ಎರಡು ಮಾತು ಸರಿ. ಮೂರನೆಯದು ತಪ್ಪು. ಫೋಟೊ ಕೂಡ ತಪ್ಪು. ನಾನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇರುವವಳು, ಊರು ಚಿಕ್ಕಮಗಳೂರು ಕಡೆ. ನಿಮ್ಮ ಪತ್ರಿಕೆಯನ್ನು ಇಲ್ಲಿಂದಲೇ ಆನ್‌ಲೈನಲ್ಲಿ ಓದುತ್ತೇನೆ, ಮಕ್ಕಳ ಪುಟವನ್ನು ಮಗಳಿಗೆ ಓದಿ ಹೇಳುತ್ತೇನೆ. ನಾವಿರುವ ಈ ನೆಲದಲ್ಲಿ ಸಾವಿರಾರು ವರ್ಷ ಜನರ ಹೊಟ್ಟೆ ತುಂಬಿಸಿದ್ದು ಇದೇ ಕಾಯಿ. ಮನುಷ್ಯರು ತಿನ್ನುವುದಿಲ್ಲ ಅಂದುಬಿಟ್ಟರೆ ಅಷ್ಟೂ ಜನರನ್ನು ಲೆಕ್ಕದಿಂದಲೇ ಬಿಟ್ಟ ಹಾಗಾಗುತ್ತದೆ. ಬರೆದವರಿಗೆ ಆ ಉದ್ದೇಶ ಇರಲಿಲ್ಲ ಅಂತ ಗೊತ್ತು. ಆದರೂ ಸುಮ್ನೆ ಇರಲು ಮನಸ್ಸಾಗಲಿಲ್ಲ. ಪತ್ರ ಸ್ವಲ್ಪ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಫೋಟೊ ವಿಷಯ ಮುಗಿಸುತ್ತೇನೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ನೆರಳಿಗೆ ಅಂತ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಆ ಸಿಲ್ವರ್ ಓಕ್ ನಿಜವಾದ ಓಕ್ ಅಲ್ಲ. ಅದು ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ಬಂದ ಮರ, ಮಕಡೇಮಿಯಾ ಬೀಜದ ಕುಟುಂಬಕ್ಕೆ ಸೇರಿದ್ದು. ಮರದ ಹಲಗೆ ನೋಡಲು ಓಕ್ ತರಹ ಇದೆ ಅಂತ ಆ ಹೆಸರು ಬಂತು ಅಷ್ಟೇ. ಅದರ ಹೂವು ಬಾಚಣಿಗೆಯಾಕಾರದ ಕಿತ್ತಳೆ ಬಣ್ಣದ್ದು, ಬೀಜ ತೆಳ್ಳಗೆ, ರೆಕ್ಕೆ ಇರುವಂಥದ್ದು. ಎಷ್ಟು ಹುಡುಕಿದರೂ ಅದರ ಕೆಳಗೆ ಒಂದೂ ಏಕಾರ್ನ್ ಸಿಗುವುದಿಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ ಓಕ್ ತಾನಾಗಿ ಬೆಳೆಯುವುದೇ ಇಲ್ಲ. ನಮ್ಮ ದೇಶದಲ್ಲಿ ಓಕ್ ನೋಡಬೇಕೆಂದರೆ ಹಿಮಾಲಯಕ್ಕೋ ಈಶಾನ್ಯ ರಾಜ್ಯಗಳಿಗೋ ಹೋಗಬೇಕು. ಉತ್ತರಾಖಂಡದಲ್ಲಿ ಬಾಂಜ್ ಅನ್ನುವುದು ಓಕ್ ಮರವನ್ನೇ. ಅಲ್ಲಿನ ಹೆಂಗಸರು ದನಕ್ಕೆ ಸೊಪ್ಪು, ಒಲೆಗೆ ಸೌದೆ ತರುವುದು ಅದೇ ಮರದಿಂದ.

ಈಗ ಕಾಯಿಯ ವಿಷಯ. ತಳದಲ್ಲಿ ಒರಟಾದ ಟೋಪಿ, ಅದರೊಳಗೆ ಕೂತ ನುಣುಪಾದ ಕಂದು ಕಾಯಿ, ತುದಿಯಲ್ಲಿ ಸಣ್ಣ ಮುಳ್ಳು. ಒಳಗೆ ಇರುವುದು ಒಂದೇ ಬೀಜ. ಜಗತ್ತಿನಲ್ಲಿ ಓಕ್ ಜಾತಿಗಳು ಸುಮಾರು 500 ಇವೆ, ಒಂದೊಂದರ ಕಾಯಿಯೂ ಒಂದೊಂದು ತರಹ. ಈಗ ನಾನಿರುವ ಕ್ಯಾಲಿಫೋರ್ನಿಯಾದ ವ್ಯಾಲಿ ಓಕ್ ಕಾಯಿ ಬೆರಳುದ್ದ, ಚೂಪಾಗಿ ಇರುತ್ತದೆ. ಬ್ಲ್ಯಾಕ್ ಓಕ್‌ನದ್ದು ದುಂಡಗೆ, ಅದರ ಟೋಪಿ ಅರ್ಧ ಕಾಯಿಯನ್ನು ಮುಚ್ಚಿರುತ್ತದೆ. ಎಲ್ಲದರಲ್ಲೂ ಟ್ಯಾನಿನ್ ಇದೆ, ಕೆಲವದರಲ್ಲಿ ಕಡಿಮೆ, ಕೆಲವದರಲ್ಲಿ ಬಾಯಿಗೆ ಇಡಲಾಗದಷ್ಟು. ಎಲೆ ಅಡಿಕೆ ಹಾಕುವವರಿಗೆ ಗೊತ್ತಿರುವ ಆ ಒಗರು, ನಾಲಿಗೆ ಒಣಗಿಸುವ ಆ ಗುಣ, ಟ್ಯಾನಿನ್‌ನದ್ದೇ.

ಅಳಿಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ಅದರ ಬುದ್ಧಿವಂತಿಕೆ ನಿಮ್ಮ ಬರಹದಲ್ಲಿ ಬರಬೇಕಿತ್ತು. ವೈಟ್ ಓಕ್ ಗುಂಪಿನ ಕಾಯಿ ನೆಲಕ್ಕೆ ಬಿದ್ದ ಕೂಡಲೇ ಮೊಳಕೆ ಒಡೆಯುತ್ತದೆ, ರೆಡ್ ಓಕ್ ಗುಂಪಿನದ್ದು ಚಳಿಗಾಲ ಕಳೆದ ಮೇಲೆ. ಅಮೆರಿಕದ ಬೂದು ಅಳಿಲಿಗೆ ಈ ವ್ಯತ್ಯಾಸ ಗೊತ್ತು. ಅದು ರೆಡ್ ಓಕ್ ಕಾಯಿಯನ್ನು ಹಾಗೇ ಮಣ್ಣಲ್ಲಿ ಹೂತಿಡುತ್ತದೆ. ವೈಟ್ ಓಕ್ ಕಾಯಿಯನ್ನು ಅಲ್ಲೇ ತಿನ್ನುತ್ತದೆ, ಇಲ್ಲವೇ ಮೊಳಕೆ ಬರುವ ತುದಿಯನ್ನು ಕಚ್ಚಿ ತೆಗೆದು ಆಮೇಲೆ ಹೂಳುತ್ತದೆ. ಇಲ್ಲಿನ ಏಕಾರ್ನ್ ಮರಕುಟಿಗ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ದೊಡ್ಡ ಮರದ ತೊಗಟೆಯಲ್ಲಿ ತೂತು ಕೊರೆದು, ತೂತಿಗೊಂದು ಕಾಯಿ ಬಿಗಿಯಾಗಿ ತುಂಬುತ್ತದೆ. ಕಾಯಿ ಒಣಗಿ ಸಡಿಲವಾದರೆ ತೆಗೆದು ಚಿಕ್ಕ ತೂತಿಗೆ ಬದಲಾಯಿಸುತ್ತದೆ. ತಲೆಮಾರುಗಳಿಂದ ಬಳಸಿದ ಒಂದೇ ಮರದಲ್ಲಿ 50,000 ತೂತು ಇರುವುದೂ ಉಂಟು. ಅದು ಇಡೀ ಕುಟುಂಬದ ಕಣಜ, ಎಲ್ಲರೂ ಸರದಿಯಂತೆ ಕಾಯುತ್ತಾರೆ.

ಇನ್ನು ಮನುಷ್ಯರು. ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ, ಸಿಯೆರಾ ಬೆಟ್ಟಗಳ ತಪ್ಪಲಲ್ಲಿ ಪೈನ್ ಗ್ರೋವ್ ಅಂತ ಊರಿದೆ. ಅದರ ಪಕ್ಕ ಇಂಡಿಯನ್ ಗ್ರೈಂಡಿಂಗ್ ರಾಕ್ ಅನ್ನುವ ಸರ್ಕಾರಿ ಉದ್ಯಾನ. ಅಲ್ಲಿ ನೆಲಕ್ಕೆ ಹಾಸಿದಂತೆ ಒಂದು ಅಗಲವಾದ ಬಿಳಿ ಬಂಡೆ ಇದೆ. ಬಂಡೆಯ ತುಂಬಾ ಒರಳು ಕುಳಿಗಳು, ಒಟ್ಟು 1,185. ಉತ್ತರ ಅಮೆರಿಕದಲ್ಲಿ ಒಂದೇ ಕಡೆ ಇಷ್ಟು ಒರಳು ಕುಳಿ ಬೇರೆಲ್ಲೂ ಇಲ್ಲ. ಇಲ್ಲಿನ ಮೂಲನಿವಾಸಿಗಳಾದ ಮೀವಾಕ್ ಜನರ ಹೆಂಗಸರು ತಲೆತಲಾಂತರದಿಂದ ಇಲ್ಲಿ ಕೂತು ಏಕಾರ್ನ್ ಕುಟ್ಟಿದ್ದಾರೆ. ಆ ಬಂಡೆಗೆ ಅವರು ಇಟ್ಟ ಹೆಸರು ಚಾಸೆ. ಕೆಲವು ಕುಳಿ ಮುಷ್ಟಿಯಷ್ಟು, ಕೆಲವು ಅದಕ್ಕಿಂತ ದೊಡ್ಡವು. ಒಂದರ ಪಕ್ಕ ಒಂದು, ಇಬ್ಬರು ಮೂವರು ಎದುರುಬದುರು ಕೂತು ಮಾತಾಡುತ್ತಾ ಕುಟ್ಟುವಷ್ಟು ಹತ್ತಿರ. ಮಳೆ ಬಂದಾಗ ಎಲ್ಲ ಕುಳಿಯಲ್ಲೂ ನೀರು ನಿಲ್ಲುತ್ತದೆ. ಈಗ ಬಂಡೆಯ ಮೇಲೆ ಕಾಲಿಡಲು ಬಿಡುವುದಿಲ್ಲ, ಸುತ್ತಲೂ ಬೇಲಿ ಇದೆ, ಅದು ಸರಿಯೇ. ಬೇಲಿ ಹಿಡಿದು ನಿಂತು ನೋಡಿದರೂ ಸಾಕು, ಎಷ್ಟು ಕೈಗಳು ಎಷ್ಟು ವರ್ಷ ಕುಟ್ಟಿದರೆ ಕಲ್ಲು ಇಷ್ಟು ಸವೆದೀತು ಅನ್ನುವ ಯೋಚನೆ ಬರದೇ ಇರುವುದಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿ ಆ ಜನರ ಹಬ್ಬ ನಡೆಯುತ್ತದೆ, ಸುಗ್ಗಿ ಹಬ್ಬ ಅಂತಲೇ ಹೇಳಬಹುದು. ಅವರು ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾರೆ, ಏಕಾರ್ನ್ ಅಡುಗೆ ಕೂಡ ಮಾಡುತ್ತಾರೆ.

ಅವರ ಕೆಲಸದ ಕ್ರಮ ಗಮನಿಸಿ. ಮೊದಮೊದಲು ಬೀಳುವ ಕಾಯಿ ಆರಿಸುವುದಿಲ್ಲ, ಅದರಲ್ಲಿ ಹುಳು ಜಾಸ್ತಿ. ಸೊಂಡಿಲಿನಂಥ ಮೂತಿ ಇರುವ ಒಂದು ಸಣ್ಣ ದುಂಬಿ ಕಾಯಿ ಎಳೆಯದಿದ್ದಾಗಲೇ ತೂತು ಮಾಡಿ ಮೊಟ್ಟೆ ಇಟ್ಟಿರುತ್ತದೆ. ಎರಡನೇ ಸಲ ಬೀಳುವ ಗಟ್ಟಿ ಕಾಯಿ ಆರಿಸಿ ಒಣಗಿಸುತ್ತಾರೆ. ಒಣಗಲು ತಿಂಗಳುಗಟ್ಟಲೆ ಬೇಕು. ಮೀವಾಕರು ಮನೆಗಳ ಬದಿ ಕಂಬ ನೆಟ್ಟು ಕೊಂಬೆ ಹೆಣೆದು ಎತ್ತರದ ಕಣಜ ಕಟ್ಟುತ್ತಿದ್ದರು. ಬೇಕಾದಾಗ ತೆಗೆದು, ಕಾಯಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಒಂದು ಏಟು. ಒಳಗಿನ ಬೀಜಕ್ಕೆ ಕೆಂಪು ಸಿಪ್ಪೆ ಅಂಟಿರುತ್ತದೆ, ಅದನ್ನು ಉಜ್ಜಿ, ಚಪ್ಪಟೆ ಬುಟ್ಟಿಯಲ್ಲಿ ಹಾಕಿ ಕೇರುತ್ತಾರೆ. ಆಮೇಲೆ ಒರಳಲ್ಲಿ ಕುಟ್ಟುವುದು. ಕುಟ್ಟಿದ ಹಿಟ್ಟನ್ನು ಬುಟ್ಟಿಯಲ್ಲಿ ಒನೆದರೆ ತರಿ ಉರುಳಿ ಕೆಳಗೆ ಬರುತ್ತದೆ, ನುಣ್ಣಗಿನ ಹಿಟ್ಟು ಬುಟ್ಟಿಗೆ ಅಂಟಿಕೊಳ್ಳುತ್ತದೆ. ಅದನ್ನು ಒಂದು ಗೆಡ್ಡೆಯ ನಾರಿನಿಂದ ಮಾಡಿದ ಬ್ರಷ್‌ನಲ್ಲಿ ಗುಡಿಸಿ ತೆಗೆಯುತ್ತಾರೆ. ತರಿ ಮತ್ತೆ ಒರಳಿಗೆ.

ಇಲ್ಲಿಯವರೆಗೂ ಹಿಟ್ಟು ಕಹಿಯೇ. ಕಹಿ ತೆಗೆಯುವುದು ಇಡೀ ಕೆಲಸದ ಜೀವ. ಮರಳಲ್ಲಿ ತಟ್ಟೆಯಾಕಾರದ ಗುಂಡಿ ಮಾಡಿ, ಹಿಟ್ಟು ಹರಡಿ, ಮೇಲೆ ದೇವದಾರಿನ ಜಾತಿಯ ಸೊಪ್ಪು ಇಟ್ಟು, ಅದರ ಮೇಲೆ ನೀರು ಹುಯ್ಯುತ್ತಾರೆ. ಸೊಪ್ಪು ಇರುವುದರಿಂದ ನೀರಿನ ರಭಸಕ್ಕೆ ಹಿಟ್ಟು ಕೊಚ್ಚಿ ಹೋಗುವುದಿಲ್ಲ. ನೀರು ಹಿಟ್ಟಿನೊಳಗಿಂದ ಇಳಿದು ಮರಳಿಗೆ ಹೋಗುತ್ತದೆ, ಟ್ಯಾನಿನ್ ಅದರ ಜೊತೆ ಹೋಗುತ್ತದೆ. ಮತ್ತೆ ಮತ್ತೆ ಹುಯ್ದು, ಚಿಟಿಕೆ ಬಾಯಿಗೆ ಹಾಕಿ ನೋಡಿ, ಕಹಿ ಹೋಗಿದೆ ಅನ್ನಿಸಿದಾಗ ನಿಲ್ಲಿಸುತ್ತಾರೆ. ಅಡುಗೆ ಮಾಡುವುದು ಬುಟ್ಟಿಯಲ್ಲಿ. ಹೌದು, ಬುಟ್ಟಿಯಲ್ಲೇ. ನೀರು ಸೋರದಷ್ಟು ಒತ್ತಾಗಿ ಹೆಣೆದ ಬುಟ್ಟಿಗೆ ಹಿಟ್ಟು ನೀರು ಹಾಕಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲನ್ನು ಬೂದಿ ತೊಳೆದು ಒಳಗೆ ಇಳಿಸುತ್ತಾರೆ. ಕಲ್ಲು ಒಂದೇ ಕಡೆ ನಿಂತರೆ ಬುಟ್ಟಿ ಸುಡುತ್ತದೆ, ಅದಕ್ಕೆ ಬಾಗಿಸಿದ ಕಡ್ಡಿಯಲ್ಲಿ ಸದಾ ತಿರುವುತ್ತಿರಬೇಕು. ನೋಡನೋಡುತ್ತಾ ಗಂಜಿ ಕೊತಕೊತ ಕುದಿಯುತ್ತದೆ. ಇಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಮ್ಯೂಸಿಯಂನಲ್ಲಿ ಜೂಲಿಯಾ ಪಾರ್ಕರ್ ಅನ್ನುವವರು ದಶಕಗಳ ಕಾಲ ಇದನ್ನು ಬಂದವರಿಗೆಲ್ಲ ಮಾಡಿ ತೋರಿಸಿದರು. ಅವರಿಗೆ ಕಲಿಸಿದವರು ಗಂಡನ ಅಜ್ಜಿ ಲೂಸಿ ಟೆಲ್ಲೆಸ್, ಬುಟ್ಟಿ ಹೆಣೆಯುವುದರಲ್ಲಿ ದೊಡ್ಡ ಹೆಸರು. ಅಜ್ಜಿಯಿಂದ ಮೊಮ್ಮಗನ ಹೆಂಡತಿಗೆ ಬಂದ ವಿದ್ಯೆ ಅದು.

ನಮಗೆ ಈ ಕೆಲಸ ತೀರಾ ಹೊಸದೇನೂ ಅಲ್ಲ. ಮಾವಿನ ಗೊರಟಿನ ಒಳಗಿನ ತಿರುಳಲ್ಲೂ ಇದೇ ಒಗರು ಇದೆ, ಬರಗಾಲದಲ್ಲಿ ಜನ ಅದನ್ನು ನೀರಲ್ಲಿ ನೆನೆಸಿ, ನೀರು ಚೆಲ್ಲಿ, ಒಣಗಿಸಿ, ಹಿಟ್ಟು ಮಾಡಿ ತಿಂದಿದ್ದಾರೆ. ನಾನು ಮನೆಯಲ್ಲಿ ಏಕಾರ್ನ್ ಹಿಟ್ಟು ಮಾಡುವುದು ಸುಲಭದ ದಾರಿಯಲ್ಲಿ. ಬೀಜ ಮಿಕ್ಸಿಗೆ ಹಾಕಿ, ದೊಡ್ಡ ಗಾಜಿನ ಜಾಡಿಯಲ್ಲಿ ನೀರು ತುಂಬಿ ಫ್ರಿಜ್ಜಲ್ಲಿ ಇಡುತ್ತೇನೆ. ಬೆಳಿಗ್ಗೆ ನೋಡಿದರೆ ಹಿಟ್ಟು ಕೆಳಗೆ ಕೂತು ಮೇಲಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಬಗ್ಗಿಸಿ ಹೊಸ ನೀರು. ದಿನ ಕಳೆದಂತೆ ಬಣ್ಣ ತೆಳುವಾಗುತ್ತಾ ಬರುತ್ತದೆ. ಕಹಿ ಪೂರ್ತಿ ಹೋದ ಹಿಟ್ಟನ್ನು ಅಕ್ಕಿ ಹಿಟ್ಟಿನ ಜೊತೆ ಕಲಸಿ ರೊಟ್ಟಿ ತಟ್ಟಿದರೆ ರುಚಿ ಚೆನ್ನಾಗಿರುತ್ತದೆ, ಸ್ವಲ್ಪ ಎಣ್ಣೆ ಅಂಶ ಇರುವುದರಿಂದ ರೊಟ್ಟಿ ಮೆತ್ತಗೆ ಬರುತ್ತದೆ. ಏಕಾರ್ನ್‌ನಲ್ಲಿ ಅಂಟು ಇಲ್ಲ, ಅದೊಂದನ್ನೇ ಹಾಕಿದರೆ ರೊಟ್ಟಿ ಬಿರುಕು ಬಿಡುತ್ತದೆ. ನನ್ನ ಮಗಳು ಇದನ್ನು ಬೆಲ್ಲ ತುಪ್ಪದ ಜೊತೆ ತಿನ್ನುತ್ತಾಳೆ. ಮನುಷ್ಯರು ತಿನ್ನುವುದಿಲ್ಲ ಅಂತ ಪೇಪರಿನಲ್ಲಿ ಓದಿ ಹೇಳಿದಾಗ ಅವಳು ನನ್ನ ಮುಖ ನೋಡಿದಳು.

ಇಷ್ಟು ದೊಡ್ಡ ಊಟ ಯಾಕೆ ಮರೆಯಾಯಿತು ಅಂತ ಕೇಳಬೇಕಲ್ವಾ? ತಾನಾಗಿ ಮರೆಯಾಗಲಿಲ್ಲ. 1848ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು. ಇತಿಹಾಸಕಾರರ ಅಂದಾಜಿನಂತೆ ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1.5 ಲಕ್ಷ ಮೂಲನಿವಾಸಿಗಳಿದ್ದರು, 1870ರ ಹೊತ್ತಿಗೆ ಉಳಿದವರು ಸುಮಾರು 30,000. ರೋಗ, ಹಸಿವು, ನೇರವಾಗಿ ಕೊಂದದ್ದು, ಎಲ್ಲ ಸೇರಿ. ಓಕ್ ತೋಪುಗಳಿಗೆ ಬೇಲಿ ಬಿತ್ತು. ವಲಸೆ ಬಂದವರ ಹಂದಿ, ದನಗಳು ಜನರ ಆಹಾರವನ್ನು ನೆಲದಿಂದಲೇ ಮೇಯ್ದವು. 1850ರಲ್ಲಿ ಒಂದು ಕಾನೂನು ಬಂತು. ಹೆಸರಿನಲ್ಲಿ ಇಂಡಿಯನ್ನರ, ಅಂದರೆ ಇಲ್ಲಿನ ಮೂಲನಿವಾಸಿಗಳ, ರಕ್ಷಣೆ ಅಂತ ಇತ್ತು, ಒಳಗೆ ಅವರ ಮಕ್ಕಳನ್ನು ದುಡಿಸಿಕೊಳ್ಳಲು ದಾರಿ ಇತ್ತು. ಹುಲ್ಲುಗಾವಲಿಗೆ ಬೆಂಕಿ ಇಟ್ಟರೆ ಶಿಕ್ಷೆ ಅಂತಲೂ ಅದರಲ್ಲೇ ಇತ್ತು. ಈ ಬೆಂಕಿಯ ವಿಷಯ ಮುಖ್ಯ. ಮೂಲನಿವಾಸಿಗಳು ಓಕ್ ಮರಗಳ ಕೆಳಗೆ ಹಗುರವಾದ ಬೆಂಕಿ ಹಾಕುತ್ತಿದ್ದರು. ಬಿದ್ದ ಹುಳುಕು ಕಾಯಿಯ ಒಳಗಿನ ಹುಳು ಸಾಯುತ್ತಿತ್ತು, ಪೊದೆ ಬೆಳೆಯುತ್ತಿರಲಿಲ್ಲ, ಮುಂದಿನ ವರ್ಷದ ಕಾಯಿ ಆರಿಸಲು ನೆಲ ಚೊಕ್ಕಟವಾಗಿರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಪೊದೆ ತುಂಬಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಹೊತ್ತಿ ಉರಿಯುವ ಕಾಡ್ಗಿಚ್ಚಿನ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ತೋಪಿನ ಕೆಳಗಿನ ಹಳೆಯ ಬೆಂಕಿಯೇ ಮದ್ದು ಅಂತ ಈಗ ಅರಣ್ಯ ಇಲಾಖೆಯವರೂ ಒಪ್ಪುತ್ತಿದ್ದಾರೆ, ಕೆಲವು ಕಡೆ ಆ ಬುಡಕಟ್ಟಿನವರ ಜೊತೆ ಸೇರಿ ಮತ್ತೆ ಹಾಕುತ್ತಿದ್ದಾರೆ. 2019ರಲ್ಲಿ ಇಲ್ಲಿನ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ನಡೆದದ್ದು ನರಮೇಧವೇ ಅಂತ ಒಪ್ಪಿ ಕ್ಷಮೆ ಕೇಳಿದರು. ಕರಾವಳಿಯ ಕಾಡಲ್ಲಿ ಇನ್ನೊಂದು ಕಷ್ಟ ಇದೆ. 1990ರ ದಶಕದ ಮಧ್ಯದಿಂದ ಒಂದು ರೋಗ ಲಕ್ಷಾಂತರ ಟ್ಯಾನ್‌ಓಕ್ ಮರಗಳನ್ನು ಒಣಗಿಸಿದೆ, ಆ ಭಾಗದ ಜನರಿಗೆ ಅದರ ಕಾಯಿಯೇ ಎಲ್ಲಕ್ಕಿಂತ ಇಷ್ಟದ್ದು.

ಕೊರಿಯಾದಲ್ಲಿ ಕತೆ ಬೇರೆ, ಅಲ್ಲಿ ಏಕಾರ್ನ್ ಇವತ್ತಿಗೂ ಅಂಗಡಿಯಲ್ಲಿ ಸಿಗುವ ಮಾಮೂಲಿ ಪದಾರ್ಥ. ಅವರು ಅದನ್ನು ದೋತೋರಿ ಅನ್ನುತ್ತಾರೆ. ಅದರ ಗಂಜಿಪುಡಿಯನ್ನು ಒಂದಕ್ಕೆ ಐದಾರು ಪಟ್ಟು ನೀರು ಹಾಕಿ, ಕೈ ಬಿಡದೆ ತಿರುವುತ್ತಾ ಕಾಯಿಸಿ, ತಟ್ಟೆಗೆ ಹುಯ್ದು ಆರಲು ಬಿಡುತ್ತಾರೆ. ಗಟ್ಟಿಯಾದ ಮೇಲೆ ಕತ್ತರಿಸಿ, ಸೋಯಾ ಸಾಸ್, ಎಳ್ಳೆಣ್ಣೆ, ಈರುಳ್ಳಿ ಎಲೆ, ಮೆಣಸಿನ ಪುಡಿ ಹಾಕಿ ತಿನ್ನುವುದು. ಅದೇ ದೋತೋರಿಮುಕ್. ಪೂರ್ತಿ ಸಸ್ಯಾಹಾರ. ಇಲ್ಲಿನ ಕೊರಿಯನ್ ಅಂಗಡಿಗಳಲ್ಲಿ ಪುಡಿ ಪ್ಯಾಕೆಟ್ ಸಿಗುತ್ತದೆ, ಕಹಿ ತೆಗೆಯುವ ಕಷ್ಟ ಇಲ್ಲ. ಹಿಂದೆ ಹಸಿವಿನ ಕಾಲದ ಊಟ ಆಗಿದ್ದು ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ಜನ ಹುಡುಕಿ ತಿನ್ನುತ್ತಾರೆ. ಬೆಟ್ಟಕ್ಕೆ ಹೋದವರೆಲ್ಲ ಚೀಲ ತುಂಬಿಕೊಂಡು ಬರಲು ಶುರುಮಾಡಿದ ಮೇಲೆ ಪ್ರಾಣಿಗಳಿಗೆ ಉಳಿಯದಂತಾಗಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಆರಿಸುವುದನ್ನೇ ನಿಷೇಧಿಸಿದ್ದಾರೆ. ಅಲ್ಲಿನ ಒಂದು ಪೀಳಿಗೆಗೆ ದೋತೋರಿ ಅಂದರೆ ದುಡ್ಡು ಕೂಡ. 1999ರಲ್ಲಿ ಶುರುವಾದ ಸೈವರ್ಲ್ಡ್ ಅನ್ನುವ ಜಾಲತಾಣದಲ್ಲಿ ತಮ್ಮ ಪುಟದ ಹಿನ್ನೆಲೆ ಹಾಡು, ಅಲಂಕಾರ ಕೊಳ್ಳಲು ದೋತೋರಿ ಅನ್ನುವ ನಾಣ್ಯ ಬೇಕಿತ್ತು, ಒಂದಕ್ಕೆ 100 ವಾನ್. ಹುಟ್ಟುಹಬ್ಬಕ್ಕೆ ಗೆಳೆಯರು ದೋತೋರಿ ಕಳಿಸುತ್ತಿದ್ದರು.

ಯುರೋಪಿನಲ್ಲಿ ಏಕಾರ್ನ್ ಜಾಸ್ತಿ ಹೋಗಿದ್ದು ಹಂದಿಗೆ. ಸ್ಪೇನಿನ ನೈಋತ್ಯದ ಓಕ್ ಬಯಲುಗಳಲ್ಲಿ ಚಳಿಗಾಲ ಬಂತೆಂದರೆ ಕಪ್ಪು ಹಂದಿಗಳನ್ನು ಮರಗಳ ಕೆಳಗೆ ಬಿಡುತ್ತಾರೆ, ಆ ಮಾಂಸಕ್ಕೆ ಜಗತ್ತಿನಲ್ಲೇ ದುಬಾರಿ ಬೆಲೆ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇವತ್ತಿಗೂ ಶರತ್ಕಾಲದಲ್ಲಿ ಊರವರ ಹಂದಿಗಳನ್ನು ಕಾಡಿಗೆ ಬಿಡುವ ಹಕ್ಕು ಇದೆ. ಅದರಿಂದ ಇನ್ನೊಂದು ಉಪಯೋಗ ಏನೆಂದರೆ, ಹಸಿರು ಏಕಾರ್ನ್ ತಿಂದರೆ ಅಲ್ಲಿನ ಕುದುರೆಗಳಿಗೆ, ದನಗಳಿಗೆ ವಿಷವಾಗುತ್ತದೆ, ಹಂದಿಗೆ ಏನೂ ಆಗುವುದಿಲ್ಲ. ಹಂದಿ ಮೊದಲು ಹೋಗಿ ಕಾಯಿ ಖಾಲಿ ಮಾಡಿದರೆ ಉಳಿದ ಪ್ರಾಣಿಗಳು ಬದುಕುತ್ತವೆ. ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಕಾಫಿ ಬೀಜ ಸಿಗದೆ ಏಕಾರ್ನ್ ಹುರಿದು ಪುಡಿ ಮಾಡಿ ಕುಡಿದರು. ನಮ್ಮ ತೋಟದವರು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಕುಡಿಯಲು ಪರವಾಗಿಲ್ಲ.

ಹೀಗೆ ಊಟದಲ್ಲಿ, ಹಟ್ಟಿಯಲ್ಲಿ, ಕಾಡಲ್ಲಿ ದಿನವೂ ಕಣ್ಣಿಗೆ ಬೀಳುತ್ತಿದ್ದ ಕಾಯಿ ಆದ್ದರಿಂದಲೇ ಅದರ ಹೆಸರು ಎಲ್ಲೆಲ್ಲೋ ಹರಡಿದೆ. ಇದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಖುಷಿಯಾಗುತ್ತದೆ ಅಂತ ನನ್ನ ನಂಬಿಕೆ. ಥೈರಾಯ್ಡ್ ಗ್ಲ್ಯಾಂಡ್ ಅನ್ನುತ್ತೇವಲ್ಲ, ಆ ಗ್ಲ್ಯಾಂಡ್ ಪದ ಬಂದಿದ್ದು ಪುಟ್ಟ ಏಕಾರ್ನ್ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ರೋಮನ್ ಸೈನಿಕರು ಕವಣೆಯಲ್ಲಿ ಬೀಸಿ ಹೊಡೆಯುತ್ತಿದ್ದ ಸೀಸದ ಗುಂಡಿಗೂ ಏಕಾರ್ನ್ ಅಂತಲೇ ಹೆಸರು. ಮೊದಲ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರೆಲ್ಲ ಬೆಲನೋಗ್ಲಾಸಸ್ ಅನ್ನುವ ಸಮುದ್ರದ ಹುಳುವಿನ ಚಿತ್ರ ಬರೆದು ಭಾಗ ಗುರುತಿಸಿರುತ್ತಾರೆ. ಆ ಹೆಸರಿನ ಮೊದಲ ಅರ್ಧ ಗ್ರೀಕ್ ಭಾಷೆಯ ಏಕಾರ್ನ್, ಹುಳುವಿನ ಮೂತಿ ಹಾಗೆ ಕಾಣುತ್ತದೆ ಅಂತ. ಇಂಗ್ಲಿಷಿನಲ್ಲಿ ಅದನ್ನು ಏಕಾರ್ನ್ ವರ್ಮ್ ಅಂತಲೇ ಕರೆಯುತ್ತಾರೆ. ಇಸ್ಪೀಟಿನಲ್ಲಿ ನಮಗೆ ಕಳಾವರ್ ಇದ್ದ ಹಾಗೆ ಜರ್ಮನಿಯ, ಸ್ವಿಟ್ಜರ್ಲೆಂಡಿನ ಹಳೆಯ ಎಲೆಗಳಲ್ಲಿ ಏಕಾರ್ನ್ ಇದೆ. ಗ್ಯಾರೇಜಿನವರು ಡೋಮ್ ನಟ್ ಅನ್ನುವ, ಬೋಲ್ಟಿನ ತುದಿ ಮುಚ್ಚುವ ದುಂಡು ತಲೆಯ ನಟ್ಟು ಅಮೆರಿಕದಲ್ಲಿ ಏಕಾರ್ನ್ ನಟ್. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಕಿಟಕಿ ಪರದೆಯ ದಾರದ ತುದಿಗೆ ಮರದ ಏಕಾರ್ನ್ ಕಟ್ಟಿರುತ್ತಾರೆ, ಕಿಟಕಿಯಲ್ಲಿ ಅದಿದ್ದರೆ ಸಿಡಿಲು ಬಡಿಯುವುದಿಲ್ಲ ಅಂತ ಹಳಬರ ನಂಬಿಕೆ. ಅದೇ ದೇಶದಲ್ಲಿ ದೂರದ ನಡಿಗೆ ದಾರಿಗಳ ಕಂಬಗಳ ಮೇಲೂ ಇದೇ ಚಿತ್ರ, ಅದನ್ನು ನೋಡುತ್ತಾ ನಡೆದರೆ ದಾರಿ ತಪ್ಪುವುದಿಲ್ಲ.

ಇದರಲ್ಲಿ ಒಂದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಬೆಂಗಳೂರಿನವರೆಗೂ ಬಂದಿದೆ. 1978ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹರ್ಮನ್ ಹೌಸರ್ ಮತ್ತು ಕ್ರಿಸ್ ಕರಿ ಸೇರಿ ಒಂದು ಕಂಪ್ಯೂಟರ್ ಕಂಪನಿ ಶುರುಮಾಡಿದರು, ಅದಕ್ಕೆ ಏಕಾರ್ನ್ ಅಂತ ಹೆಸರಿಟ್ಟರು. 1981ರ ಕೊನೆಯಲ್ಲಿ ಅವರ ಬಿಬಿಸಿ ಮೈಕ್ರೊ ಬಂತು, ಬ್ರಿಟನ್ನಿನ ಶಾಲೆಗಳಲ್ಲಿ ಒಂದು ಇಡೀ ಪೀಳಿಗೆ ಅದರಲ್ಲೇ ಪ್ರೋಗ್ರಾಮ್ ಬರೆಯಲು ಕಲಿಯಿತು. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆ ತಂದಾಗ ಆರಿಸಿಕೊಂಡಿದ್ದೂ ಇದೇ ಬಿಬಿಸಿ ಮೈಕ್ರೊ. ಮುಂದೆ ಆ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಮ್ಮದೇ ಒಂದು ಪ್ರೊಸೆಸರ್ ವಿನ್ಯಾಸ ಮಾಡಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಗೆ ಬಂತು, ಹಾಕಿದರು, ಕೆಲಸ ಮಾಡಿತು. ಅದಕ್ಕೆ ಇಟ್ಟ ಹೆಸರು ಏಕಾರ್ನ್ ರಿಸ್ಕ್ ಮಷೀನ್, ಚಿಕ್ಕದಾಗಿ ಆರ್ಮ್. 1990ರಲ್ಲಿ ಆರ್ಮ್ ಬೇರೆ ಕಂಪನಿಯಾಯಿತು, ಆಗ ಮೊದಲ ಅಕ್ಷರದ ಅರ್ಥವನ್ನು ಅಡ್ವಾನ್ಸ್‌ಡ್ ಅಂತ ಬದಲಾಯಿಸಿದರು. ಇವತ್ತು ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳ ಒಳಗೆ ಇರುವುದು ಆ ವಿನ್ಯಾಸದ ಚಿಪ್. ಬೆಂಗಳೂರಿನಲ್ಲಿ ಆರ್ಮ್‌ನ ದೊಡ್ಡ ಕಚೇರಿ ಇದೆ, ನಮ್ಮ ಎಷ್ಟೋ ಎಂಜಿನಿಯರುಗಳು ಅಲ್ಲಿ ಕೆಲಸ ಮಾಡುತ್ತಾರೆ. ಅಂದರೆ ನಿಮ್ಮ ಓದುಗರ ಜೇಬಿನಲ್ಲಿ ಏಕಾರ್ನ್ ಇದ್ದೇ ಇದೆ.

ಓಕ್ ಮರದ ಇನ್ನೊಂದು ವಸ್ತು ನಮ್ಮ ಅಜ್ಜಿಯರ ಕೈಯಲ್ಲೂ ಇತ್ತು. ಮಾಚಿಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಬೂದುಬಣ್ಣದ, ಮೈಮೇಲೆ ಗಂಟುಗಂಟಿರುವ ಗೋಲಿಯಷ್ಟು ದಪ್ಪದ ಕಾಯಿ ಕೊಡುತ್ತಾರಲ್ಲ, ಅದೇ. ಬಾಣಂತಿ ಮನೆಯಲ್ಲಿ ಬಜೆ, ಜಾಯಿಕಾಯಿ ಜೊತೆ ತೇಯ್ದು ಮಗುವಿನ ನಾಲಿಗೆಗೆ ಸವರುತ್ತಿದ್ದರು, ವಸಡು ಸಡಿಲವಾದರೆ ಪುಡಿ ಮಾಡಿ ತಿಕ್ಕುತ್ತಿದ್ದರು. ಹೆಸರಲ್ಲಿ ಕಾಯಿ ಇದ್ದರೂ ಅದು ಕಾಯಿ ಅಲ್ಲ, ಏಕಾರ್ನ್ ಕೂಡ ಅಲ್ಲ. ಟರ್ಕಿ, ಸಿರಿಯಾ, ಇರಾನ್ ಕಡೆ ಬೆಳೆಯುವ ಒಂದು ಓಕ್ ಜಾತಿಯ ಎಳೆ ರೆಂಬೆಯಲ್ಲಿ ಒಂದು ಪುಟ್ಟ ಕಣಜದ ಹುಳು ಮೊಟ್ಟೆ ಇಡುತ್ತದೆ. ಮರ ಆ ಜಾಗದಲ್ಲಿ ಊದಿಕೊಂಡು, ಮರಿಯ ಸುತ್ತ ಗಂಟು ಬೆಳೆಸುತ್ತದೆ. ಅದನ್ನು ಕಿತ್ತು ಒಣಗಿಸಿದರೆ ಮಾಚಿಕಾಯಿ. ಕೈಯಲ್ಲಿ ತಿರುಗಿಸಿ ನೋಡಿ, ಕೆಲವದರಲ್ಲಿ ಸೂಜಿ ಚುಚ್ಚಿದಂತೆ ಒಂದು ತೂತು ಇರುತ್ತದೆ, ಹುಳು ಬೆಳೆದು ಹೊರಗೆ ಹಾರಿಹೋದ ಬಾಗಿಲು ಅದು. ತೂತಿಲ್ಲದ್ದು ಜಾಸ್ತಿ ಬೆಲೆಯದ್ದು, ಅದರಲ್ಲಿ ಟ್ಯಾನಿನ್ ಜಾಸ್ತಿ. ಕಬ್ಬಿಣದ ಅನ್ನಭೇದಿಯ ಜೊತೆ ಅದನ್ನು ಸೇರಿಸಿದರೆ ಅಚ್ಚ ಕಪ್ಪು ಶಾಯಿ, ಯುರೋಪಿನಲ್ಲಿ ನೂರಾರು ವರ್ಷದ ಪತ್ರ, ದಾಖಲೆಗಳೆಲ್ಲ ಬರೆದಿದ್ದು ಆ ಶಾಯಿಯಲ್ಲಿ. ಟರ್ಕಿಯ ಇನ್ನೊಂದು ಓಕ್ ಜಾತಿಯ ಏಕಾರ್ನ್ ಟೋಪಿಗಳನ್ನೇ ಹಡಗು ತುಂಬಿಸಿ ಇಜ್ಮಿರ್ ಬಂದರಿನಿಂದ ಚರ್ಮ ಹದ ಮಾಡುವವರಿಗೆ ಕಳಿಸುತ್ತಿದ್ದರು. ಕಾಯಿಯನ್ನು ಕಹಿ ಮಾಡುವ ಟ್ಯಾನಿನ್ನೇ ಚರ್ಮವನ್ನು ಕೊಳೆಯದಂತೆ ಕಾಯುತ್ತದೆ. ಇದನ್ನು ಬರೆಯಲು ಕಾರಣ ಇದೆ. ಈಗಿನ ಮಕ್ಕಳ ವೈದ್ಯರು ಹಸುಗೂಸಿಗೆ ತೇಯ್ದ ಔಷಧಿ ಕೊಡಬೇಡಿ ಅನ್ನುತ್ತಾರೆ, ಆ ಮಾತು ಕೇಳುವುದೇ ಒಳ್ಳೆಯದು. ಆದರೆ ಮಾಚಿಕಾಯಿ ಎಲ್ಲಿಂದ ಬರುತ್ತದೆ, ಏನದು ಅಂತ ನಮ್ಮ ಮಕ್ಕಳಿಗೆ ಗೊತ್ತಿರಲಿ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಫೋಟೊದ ತಪ್ಪನ್ನು ಮುಂದಿನ ಭಾನುವಾರ ತಿದ್ದಿ, ನಿಜವಾದ ಓಕ್ ಮರದ ಚಿತ್ರ ಹಾಕಿ. ನಮ್ಮ ದೇಶದ ಬಾಂಜ್ ಮರದ್ದೇ ಹಾಕಿದರೆ ಇನ್ನೂ ಚೆನ್ನ. ಮನುಷ್ಯರು ತಿನ್ನುವುದಿಲ್ಲ ಅನ್ನುವ ಸಾಲನ್ನು ತೆಗೆದು, ಕಹಿ ತೆಗೆದು ತಿನ್ನುವ ಜನ ಇದ್ದಾರೆ, ಸಾವಿರಾರು ವರ್ಷದಿಂದ ಇದ್ದಾರೆ ಅಂತ ಬರೆಯಿರಿ. ಮೀವಾಕ್ ಅನ್ನುವ ಹೆಸರನ್ನು ಒಂದು ಸಲವಾದರೂ ಹಾಕಿ. ಬುಡಕಟ್ಟಿನ ಊಟವನ್ನು ಪ್ರಾಣಿಗಳ ಮೇವು ಅಂತ ಬರೆಯುವ ಚಾಳಿ ಎಲ್ಲ ಕಡೆಯೂ ಇದೆ, ನಮ್ಮ ಸೋಲಿಗರ, ಜೇನುಕುರುಬರ ಗೆಡ್ಡೆ ಗೆಣಸಿನ ಬಗ್ಗೆಯೂ ಹಾಗೇ ಹಗುರವಾಗಿ ಬರೆದಿದ್ದನ್ನು ನಾನು ಓದಿದ್ದೇನೆ. ಮಕ್ಕಳ ಪುಟದಿಂದಲೇ ಅದು ನಿಲ್ಲಲಿ.

ಜೊತೆಗೆ ಒಂದು ಎಚ್ಚರಿಕೆಯನ್ನೂ ದಯವಿಟ್ಟು ಹಾಕಿ. ಬೇಸಿಗೆ ರಜೆಯಲ್ಲಿ ಮಸ್ಸೂರಿ, ನೈನಿತಾಲ್ ಕಡೆ ಹೋಗುವ ಕುಟುಂಬಗಳು ಬಹಳ, ಅಮೆರಿಕ, ಇಂಗ್ಲೆಂಡಿಗೆ ಮೊಮ್ಮಕ್ಕಳನ್ನು ನೋಡಲು ಬರುವ ಅಜ್ಜ ಅಜ್ಜಿಯರೂ ಬಹಳ. ಮರದ ಕೆಳಗೆ ಸಿಕ್ಕಿದ ಏಕಾರ್ನ್ ಆರಿಸಿ ಆಟವಾಡಬಹುದು, ಟೋಪಿಯಲ್ಲಿ ಸೀಟಿ ಊದಬಹುದು. ಹಸಿಯಾಗಿ ಬಾಯಿಗೆ ಹಾಕಬಾರದು, ಹೊಟ್ಟೆ ಕೆಡುತ್ತದೆ. ಹಿಟ್ಟು ಮಾಡುವ ಆಸೆ ಇದ್ದರೆ ತೂತಿಲ್ಲದ, ನೀರಲ್ಲಿ ಮುಳುಗುವ ಕಾಯಿ ಮಾತ್ರ ಆರಿಸಿ, ಕಹಿ ಪೂರ್ತಿ ಹೋಗುವವರೆಗೂ ನೀರು ಬದಲಾಯಿಸಿ. ಬೀಜ, ಕಾಯಿ ತಿಂದರೆ ಅಲರ್ಜಿ ಆಗುವವರು ತಿನ್ನುವುದೇ ಬೇಡ. ಮತ್ತೆ ಮರದ ಕೆಳಗಿರುವುದನ್ನೆಲ್ಲ ಬಾಚಿಕೊಂಡು ಬರಬೇಡಿ, ಅಲ್ಲಿನ ಕರಡಿಗೂ ಲಂಗೂರಕ್ಕೂ ಹಕ್ಕಿಗಳಿಗೂ ಅದೇ ಚಳಿಗಾಲದ ಊಟ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ
ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ